ದಾಸವಾಳಕ್ಕೆ ಔಷಧಿ ಹೊಡೆಯುವ ಮೊದಲು



ಬಿಸಿಲು ಏರತೊಡಗಿದರೆ ಸಾಕು, ಈ ಪುಟಕ್ಕೆ ದಾಸವಾಳದ ದೂರುಗಳು ಬರತೊಡಗುತ್ತವೆ. ಗೆಲ್ಲಿನ ತುದಿ ಮುರುಟಿದೆ, ಗೆಣ್ಣುಗಳಲ್ಲಿ ಹತ್ತಿಯಂತೆ ಬಿಳಿಯದೇನೋ ಅಂಟಿಕೊಂಡಿದೆ, ಮೊಗ್ಗು ಅರಳುವ ಮೊದಲೇ ಉದುರುತ್ತದೆ. ಈ ಬಾರಿ ಸಹೋದರಿಯೊಬ್ಬರು ಕೇಳಿದ ಪ್ರಶ್ನೆ ಮಾತ್ರ ಸ್ವಲ್ಪ ಬೇರೆ. ಅವರ ಮೈದುನ ಅಡಿಕೆ ತೋಟಕ್ಕೆಂದು ತಂದ ಕೀಟನಾಶಕದಲ್ಲಿ ಒಂದಿಷ್ಟನ್ನು ತಂಪು ಪಾನೀಯದ ಖಾಲಿ ಬಾಟಲಿಗೆ ಸುರಿದು ಕೊಟ್ಟಿದ್ದಾರಂತೆ. ಒಂದು ಲೀಟರ್ ನೀರಿಗೆ ಎಷ್ಟು ಮುಚ್ಚಳ ಹಾಕಬೇಕು ಎಂದು ಅವರು ಕೇಳಿದ್ದಾರೆ.

ಒಂದು ಮುಚ್ಚಳವೂ ಬೇಡ. ಇದನ್ನು ಓದುತ್ತಿರುವಾಗಲೇ ಎದ್ದು ಹೋಗಿ ಆ ಬಾಟಲಿಯನ್ನು ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಿ. ಅದರ ಮೇಲೆ 'ವಿಷ' ಎಂದು ದಪ್ಪ ಅಕ್ಷರದಲ್ಲಿ ಬರೆಯಿರಿ. ಮೈದುನ ಮುಂದಿನ ಸಲ ಬಂದಾಗ ಅವರ ಕೈಗೇ ಹಿಂದಿರುಗಿಸಿ. ಚರಂಡಿಗೋ ಬಾವಿಕಟ್ಟೆಯ ಬದಿಗೋ ಸುರಿಯಬೇಡಿ. ತಂಪು ಪಾನೀಯದ ಬಾಟಲಿಯಲ್ಲಿ ಬಣ್ಣದ ನೀರು ಕಂಡರೆ ನಾಲ್ಕು ವರ್ಷದ ಮಗುವಿಗೆ ಅದು ಶರಬತ್ತೇ. ಬಾಟಲಿಯ ಮೇಲೆ ಚೀಟಿ ಇಲ್ಲದಿದ್ದರೆ ಮಗು ಏನು ಕುಡಿಯಿತೆಂದು ಡಾಕ್ಟರಿಗೆ ಹೇಳಲೂ ಆಗುವುದಿಲ್ಲ. ಇದು ಹೂಗಿಡದ ಪುಟ, ನಿಜ. ಆದರೆ ಹೂಗಿಡದ ನೆಪದಲ್ಲೇ ವಿಷವು ಅಡುಗೆ ಮನೆಯ ಕಪಾಟಿಗೆ ಬಂದು ಕೂರುತ್ತಿರುವಾಗ ಸುಮ್ಮನಿರುವುದು ಹೇಗೆ?

ಇನ್ನೊಂದು ವಿಷಯ. ದಾಸವಾಳ ನಮ್ಮ ಮನೆಗಳಲ್ಲಿ ಬರೀ ನೋಡುವ ಗಿಡವಲ್ಲ. ಎಲೆ ಅರೆದು ಲೋಳೆ ತೆಗೆದು ಮಕ್ಕಳ ತಲೆಗೆ ಹಚ್ಚುತ್ತೇವೆ. ಹೂವನ್ನು ತೆಂಗಿನೆಣ್ಣೆಗೆ ಹಾಕಿ ಕಾಯಿಸುತ್ತೇವೆ. ಈಗ ಅಂಗಡಿಯಲ್ಲಿ ಸಿಗುವ ಇಮಿಡಾಕ್ಲೋಪ್ರಿಡ್‌ನಂಥ ಔಷಧಿಗಳು ಎಲೆಯ ಮೇಲೆ ಮಾತ್ರ ಉಳಿಯುವುದಿಲ್ಲ, ಗಿಡದ ರಸದೊಳಗೇ ಸೇರಿಕೊಳ್ಳುತ್ತವೆ. ಎಷ್ಟು ತೊಳೆದರೂ ಅವು ಹೋಗುವುದಿಲ್ಲ. ಹೂವಿಗೆ ಬರುವ ಜೇನು, ಸೂರಕ್ಕಿಗಳಿಗೂ ಅದರ ಪಾಲು ಹೋಗುತ್ತದೆ. ಎಂಡೋಸಲ್ಫಾನನ್ನು ಸುಪ್ರೀಂ ಕೋರ್ಟ್ 2011ರಲ್ಲಿ ನಿಷೇಧಿಸುವ ಹೊತ್ತಿಗೆ ಕಾಸರಗೋಡಿನಲ್ಲಿ, ನಮ್ಮ ದಕ್ಷಿಣ ಕನ್ನಡದ ಗೇರು ತೋಟಗಳ ಸುತ್ತಮುತ್ತ ಎಷ್ಟು ಮನೆಗಳು ನೋವು ತಿಂದವು ಎಂಬುದನ್ನು ಕಂಡವರು ನಾವು. ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಆ ಬಿಳಿ ವಸ್ತು ಏನು? ಕೃಷಿ ಇಲಾಖೆಯವರು ಅದನ್ನು ಹಿಟ್ಟು ತಿಗಣೆ ಎನ್ನುತ್ತಾರೆ. ಅಕ್ಕಿ ಹಿಟ್ಟಿನಲ್ಲಿ ಹೊರಳಿಸಿದಂತಹ ಪುಟ್ಟ ಮೆತ್ತನೆಯ ಕೀಟ ಅದು. ಮೈಮೇಲಿನ ಹಿಟ್ಟು ವಾಸ್ತವದಲ್ಲಿ ಮೇಣ. ಆದ್ದರಿಂದಲೇ ನೀರು ಚಿಮುಕಿಸಿದರೆ ಅದಕ್ಕೆ ತಾಗುವುದಿಲ್ಲ. ಎಳೆಯ ತುದಿಯಲ್ಲಿ ಬಾಯಿ ಚುಚ್ಚಿ ರಸ ಹೀರುತ್ತದೆ, ತುದಿ ಮುರುಟುತ್ತದೆ. ಹತ್ತಿಯಂಥ ಚೀಲದೊಳಗೆ ನೂರಾರು ಮೊಟ್ಟೆ ಇಡುತ್ತದೆ. ಹೀರಿದ ರಸದಲ್ಲಿ ಹೆಚ್ಚಾದುದನ್ನು ಸಿಹಿಯಾದ ಅಂಟು ದ್ರವವಾಗಿ ಹೊರಹಾಕುತ್ತದೆ. ಅದು ಎಲೆಯ ಮೇಲೆ ಬಿದ್ದು ಕಪ್ಪು ಬೂಷ್ಟು ಬೆಳೆಯುತ್ತದೆ. ಎಲೆಗೆ ಮಸಿ ಹಿಡಿದಿದೆ ಎಂದು ನೀವು ಹೇಳುವುದು ಇದನ್ನೇ.

ಈಗ ನಾನು ಹೇಳಬೇಕಾದ ಮುಖ್ಯ ಮಾತಿಗೆ ಬರುತ್ತೇನೆ. ದಾಸವಾಳದ ಮೇಲೆ ಕಾಣುವ ಬಿಳಿ ಹುಳುಗಳೆಲ್ಲ ಹಿಟ್ಟು ತಿಗಣೆಗಳಲ್ಲ. ಅವುಗಳ ನಡುವೆ ಅವುಗಳಂತೆಯೇ ಬಿಳಿ ಮೇಣದ ಎಳೆಗಳನ್ನು ಹೊದ್ದುಕೊಂಡು, ಅವುಗಳನ್ನೇ ತಿನ್ನುವ ಮರಿಯೊಂದು ಇರಬಹುದು. ಅದು ಗುಲಗಂಜಿ ಹುಳುವಿನ ಜಾತಿಗೆ ಸೇರಿದ ದುಂಬಿಯ ಮರಿ. ವಿಜ್ಞಾನಿಗಳು ಇಟ್ಟ ಹೆಸರು ಕ್ರಿಪ್ಟೊಲೀಮಸ್. ದೊಡ್ಡದಾದ ಮೇಲೆ ಅದು ಕೊತ್ತಂಬರಿ ಕಾಳಿನಷ್ಟಿರುವ, ಕಪ್ಪು ಬೆನ್ನಿನ, ತಲೆ ಮತ್ತು ಹಿಂಭಾಗ ಕಿತ್ತಳೆ ಬಣ್ಣದ ದುಂಬಿ. ದುಂಬಿಯನ್ನು ಯಾರೂ ಹಿಟ್ಟು ತಿಗಣೆ ಎಂದು ಭಾವಿಸುವುದಿಲ್ಲ. ಮರಿಯನ್ನು ಮಾತ್ರ ಹೆಚ್ಚಿನವರು ಶತ್ರುವೆಂದೇ ತಿಳಿದು ಹೊಸಕಿ ಹಾಕುತ್ತಾರೆ.

ಗುರುತಿಸುವುದು ಕಷ್ಟವಲ್ಲ. ಒಂದು ಕಡ್ಡಿಯಿಂದ ಮೆಲ್ಲನೆ ಮುಟ್ಟಿ. ಹಿಟ್ಟು ತಿಗಣೆ ಕುಳಿತಲ್ಲೇ ಕೂರುತ್ತದೆ, ಇಲ್ಲವೇ ಆಲಸ್ಯದಿಂದ ಕದಲುತ್ತದೆ. ಮರಿ ಚುರುಕಾಗಿ ಓಡುತ್ತದೆ. ಅದರ ಮೈಯ ಬಿಳಿ ಎಳೆಗಳು ಉದ್ದ, ಕೆದರಿದ ಉಣ್ಣೆಯಂತೆ. ಬಲಿತ ಮರಿ ಹಿಟ್ಟು ತಿಗಣೆಗಿಂತ ಎರಡು ಮೂರು ಪಟ್ಟು ಉದ್ದ, ಸುಮಾರು ಒಂದು ಸೆಂಟಿಮೀಟರ್. ಹಿಟ್ಟು ತಿಗಣೆಯನ್ನು ಹಿಸುಕಿದರೆ ಜಾತಿಗೆ ತಕ್ಕಂತೆ ಗುಲಾಬಿಯೋ ಹಳದಿಯೋ ಆದ ರಸ ಬರುತ್ತದೆ. ಆದರೆ ಗುರುತು ಸಿಗುವವರೆಗೆ ಹಿಸುಕುವ ಪರೀಕ್ಷೆ ಮಾಡದಿರುವುದೇ ಒಳ್ಳೆಯದು. ನಮ್ಮ ಮದ್ರಸದ ಅಂಗಳದಲ್ಲಿರುವ ಕೆಂಪು ದಾಸವಾಳವನ್ನು ಮಕ್ಕಳ ಮುಂದಿಟ್ಟು, ಕೈಗೊಂದು ಭೂತಗನ್ನಡಿ ಕೊಟ್ಟರೆ ಅವರು ಐದು ನಿಮಿಷದಲ್ಲಿ ಎರಡನ್ನೂ ಬೇರೆ ಮಾಡಿ ತೋರಿಸುತ್ತಾರೆ. ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಆ ಮರಿಗೆ 'ಕಳ್ಳನ ವೇಷದ ಪೊಲೀಸ್' ಎಂದು ಹೆಸರಿಟ್ಟಿದ್ದಾಳೆ. ವಿಜ್ಞಾನಿಗಳ ಹೆಸರಿಗಿಂತ ನನಗೆ ಇದೇ ಇಷ್ಟ.

ಈ ಪೊಲೀಸ್ ನಮ್ಮ ದೇಶದವನಲ್ಲ. ಆಸ್ಟ್ರೇಲಿಯಾ ಮೂಲದ ಈ ದುಂಬಿಯನ್ನು 1898ರಲ್ಲಿ ದಕ್ಷಿಣ ಭಾರತಕ್ಕೆ ತಂದದ್ದು ಕಾಫಿ ಗಿಡದ ಹಸಿರು ಶಲ್ಕ ಕೀಟವನ್ನು ತಿನ್ನಲೆಂದು. ತಂದ ಕೆಲಸದಲ್ಲಿ ಅದು ಹೆಸರು ಮಾಡಲಿಲ್ಲ. ಹಿಟ್ಟು ತಿಗಣೆಯನ್ನು ಹುಡುಕಿಕೊಂಡು ಇಲ್ಲೇ ನೆಲೆಸಿತು. ಇಂದು ಪ್ರಯೋಗಾಲಯಗಳಲ್ಲಿ ಇದನ್ನು ಸಾಕುವ ಕ್ರಮ ಕೇಳಿದರೆ ನಿಮಗೆ ನಗು ಬರಬಹುದು. ನಾವು ಪಲ್ಯ ಮಾಡುವ ಸಿಹಿಗುಂಬಳದ ಮೇಲೆ ಮೊದಲು ಹಿಟ್ಟು ತಿಗಣೆಯನ್ನು ಬೆಳೆಸುತ್ತಾರೆ. ಕುಂಬಳ ಪೂರ್ತಿ ಬೆಳ್ಳಗಾದ ಮೇಲೆ ದುಂಬಿಗಳನ್ನು ಅದರ ಮೇಲೆ ಬಿಡುತ್ತಾರೆ. 1994ರಲ್ಲಿ ಕೆರಿಬಿಯನ್ನಿನ ಗ್ರೆನಡಾ ದ್ವೀಪದಲ್ಲಿ ದಾಸವಾಳದ ಹಿಟ್ಟು ತಿಗಣೆ ಕಾಣಿಸಿಕೊಂಡು, ಮರುವರ್ಷ ಟ್ರಿನಿಡಾಡನ್ನೂ ಮುಟ್ಟಿದಾಗ ಭಾರತದಿಂದ ಈ ದುಂಬಿಗಳನ್ನು ಅಲ್ಲಿಗೆ ಒಯ್ಯಲಾಯಿತು. ಬ್ರಿಯಾನ್ ಲಾರಾನ ಊರು ಎಂದರೆ ನಿಮ್ಮ ಗಂಡುಮಕ್ಕಳಿಗೆ ಟ್ರಿನಿಡಾಡ್ ಯಾವುದೆಂದು ಥಟ್ಟನೆ ತಿಳಿಯುತ್ತದೆ.

ನಮ್ಮದೇ ಕಡೆಯ ಉದಾಹರಣೆಯೂ ಇದೆ. 2008ರಲ್ಲಿ ಕೊಯಮತ್ತೂರಿನಲ್ಲಿ ಪಪ್ಪಾಯಿ ಹಿಟ್ಟು ತಿಗಣೆ ಎಂಬ ಹೊಸ ಜಾತಿ ಕಂಡುಬಂತು. ಪಪ್ಪಾಯಿ, ಹಿಪ್ಪುನೇರಳೆ, ದಾಸವಾಳ ಯಾವುದನ್ನೂ ಅದು ಬಿಡಲಿಲ್ಲ. ರೈತರು ಔಷಧಿ ಹೊಡೆದು ಸೋತರು. 2010ರಲ್ಲಿ ಬೆಂಗಳೂರಿನ ಕೃಷಿ ಕೀಟ ಸಂಸ್ಥೆಯವರು ಪೋರ್ಟೊರಿಕೊದಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಕಣಜಗಳನ್ನು ತರಿಸಿ ಬಿಟ್ಟರು. ಬಿಟ್ಟ ಕಡೆಗಳಲ್ಲಿ ಕೆಲವೇ ತಿಂಗಳುಗಳಲ್ಲಿ ಹಾವಳಿ ತಗ್ಗಿತು. ಔಷಧಿ ಹೊಡೆದಲ್ಲೆಲ್ಲ ಇಂಥ ಕಣಜಗಳೂ ಸಾಯುತ್ತವೆ. ಮೇಣದ ಚೀಲದೊಳಗಿನ ಮೊಟ್ಟೆಗಳು ಮಾತ್ರ ಉಳಿಯುತ್ತವೆ. ಹದಿನೈದು ದಿನಕ್ಕೆ ಗಿಡ ಮೊದಲಿಗಿಂತ ಬೆಳ್ಳಗಾಗಿದೆ ಎಂದು ಗೋಳಾಡುವವರು ಇದನ್ನು ನೆನಪಿಡಬೇಕು.

ಸರಿ, ಕೈಕಟ್ಟಿ ಕೂರಬೇಕೇ? ಇಲ್ಲ. ಮೊದಲು ಇರುವೆಗಳನ್ನು ನೋಡಿ. ಹಿಟ್ಟು ತಿಗಣೆಯ ಸಿಹಿ ದ್ರವಕ್ಕಾಗಿ ಇರುವೆಗಳು ಅದನ್ನು ಹಸು ಕಾದಂತೆ ಕಾಯುತ್ತವೆ. ದುಂಬಿ, ಕಣಜ ಹತ್ತಿರ ಬಂದರೆ ಓಡಿಸುತ್ತವೆ. ಆದ್ದರಿಂದ ಇರುವೆಯ ದಾರಿ ತಪ್ಪಿಸಿದರೆ ಅರ್ಧ ಕೆಲಸ ಮುಗಿದಂತೆ. ಗಿಡದ ಬುಡಕ್ಕೆ ಬಟ್ಟೆಯ ಪಟ್ಟಿ ಸುತ್ತಿ ಹರಳೆಣ್ಣೆ ದಪ್ಪವಾಗಿ ಸವರಿ, ನಾಲ್ಕೈದು ದಿನಕ್ಕೊಮ್ಮೆ ಮತ್ತೆ ಸವರಿ. ಗೋಡೆಗೋ ಬಟ್ಟೆ ಒಣಗಿಸುವ ಹಗ್ಗಕ್ಕೋ ತಾಗುವ ಗೆಲ್ಲುಗಳನ್ನು ಕತ್ತರಿಸಿ, ಇಲ್ಲದಿದ್ದರೆ ಅವು ಮೇಲಿನ ದಾರಿ ಹಿಡಿಯುತ್ತವೆ. ಕುಂಡವಾದರೆ ಸ್ಟ್ಯಾಂಡಿನ ಕಾಲುಗಳ ಕೆಳಗೆ ನೀರು ತುಂಬಿದ ಗೆರಟೆ ಇಡಬಹುದು. ಆದರೆ ಎರಡು ದಿನಕ್ಕೊಮ್ಮೆ ಆ ನೀರು ಚೆಲ್ಲಲೇಬೇಕು. ಸೊಳ್ಳೆ ಸಾಕಿ ಮಲೇರಿಯಾ, ಡೆಂಗಿ ತರಿಸಿಕೊಂಡರೆ ದಾಸವಾಳ ಏಕೆ ಬೇಕು? ಕೆಲವರು ಇರುವೆ ಗೂಡಿಗೆ ಸೀಮೆಎಣ್ಣೆ ಸುರಿದು ಬೆಂಕಿ ಕೊಡುತ್ತಾರೆ. ಇರುವೆಯನ್ನು ಕೊಲ್ಲಬಾರದೆಂದು ಹದೀಸ್‌ನಲ್ಲಿದೆ. ಇಲ್ಲಿ ಕೊಲ್ಲುವ ಅಗತ್ಯವೂ ಇಲ್ಲ, ಹಾದಿ ಮುಚ್ಚಿದರೆ ಅವು ಬೇರೆ ಕಡೆ ಹೋಗುತ್ತವೆ.

ನಂತರ ತೀರಾ ಮುರುಟಿದ ತುದಿಗಳನ್ನು ಕತ್ತರಿಸಿ, ಅದರಲ್ಲಿ ಪೊಲೀಸ್ ಇಲ್ಲವೆಂದು ನೋಡಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ ಬಿಸಿಲಿಗಿಡಿ. ಗೊಬ್ಬರದ ಗುಂಡಿಗೆ ಎಸೆದರೆ ಅವು ಅಲ್ಲಿಂದ ನಡೆದು ಬೆಂಡೆ, ಪೇರಳೆಗೆ ಹತ್ತುತ್ತವೆ. ಬೆಂಡೆಯಂತೂ ದಾಸವಾಳದ ಬಂಧುವೇ. ಉಳಿದ ಗಿಡಕ್ಕೆ ಪೈಪಿನಿಂದ ಜೋರಾಗಿ, ಎಲೆಯ ಕೆಳಗಿನಿಂದ ಮೇಲಕ್ಕೆ ನೀರು ಹಾಯಿಸಿ. ಎರಡು ದಿನ ಬಿಟ್ಟು ಮತ್ತೊಮ್ಮೆ. ಮರಿಗಳೂ ದುಂಬಿಗಳೂ ಕಂಡರೆ ಇಲ್ಲಿಗೇ ನಿಲ್ಲಿಸಿ, ಮೂರು ವಾರ ತಾಳ್ಮೆಯಿಂದಿರಿ. ಒಂದೂ ಕಾಣದಿದ್ದರೆ ಒಂದು ಲೀಟರ್ ನೀರಿಗೆ ಒಂದು ಚಮಚ ಬೇವಿನೆಣ್ಣೆ, ಕಾಲು ಚಮಚ ಪಾತ್ರೆ ತೊಳೆಯುವ ಸೋಪು ದ್ರವ ಬೆರೆಸಿ ಚೆನ್ನಾಗಿ ಕುಲುಕಿ, ಬಿಸಿಲಿಳಿದ ಮೇಲೆ ಹುಳು ಇರುವಲ್ಲಿಗಷ್ಟೇ ಸಿಂಪಡಿಸಿ. ಬಟ್ಟೆ ಸೋಪಿನ ಪುಡಿ ಬೇಡ, ಎಲೆ ಸುಡುತ್ತದೆ. ಮೊದಲು ಎರಡು ಎಲೆಗೆ ಹಾಕಿ ಒಂದು ದಿನ ನೋಡಿ. ಮೊಟ್ಟೆ ಒಡೆದು ಬರುವ ಮರಿಗಳಿಗಾಗಿ ವಾರದ ನಂತರ ಇನ್ನೊಮ್ಮೆ ಬೇಕು.

ಇಷ್ಟಾದ ಮೇಲೂ ಯಾರಾದರೂ ಮನೆಗೆ ಕೀಟನಾಶಕ ತಂದರೆ ಡಬ್ಬಿಯ ಮೇಲಿನ ತ್ರಿಕೋನ ಗುರುತಿನ ಬಣ್ಣ ನೋಡಿ. ಕೆಂಪು ಅತ್ಯಂತ ವಿಷ, ನಂತರ ಹಳದಿ, ಆಮೇಲೆ ನೀಲಿ, ಕೊನೆಗೆ ಹಸಿರು. ಕೆಂಪು, ಹಳದಿ ಅಂಗಳದ ಹೂಗಿಡಕ್ಕೆ ಖಂಡಿತ ಬೇಡ. ಮಗು ಬಾಯಿಗೆ ಹಾಕಿದ ಅನುಮಾನವಿದ್ದರೆ ಉಪ್ಪು ನೀರು ಕುಡಿಸಿ ವಾಂತಿ ಮಾಡಿಸುತ್ತಾ ಹೊತ್ತು ಕಳೆಯಬೇಡಿ. 108ಕ್ಕೆ ಫೋನ್ ಮಾಡಿ, ಡಬ್ಬಿಯನ್ನೂ ಜೊತೆಗೇ ಒಯ್ಯಿರಿ.

ಇನ್ನು ಗಿಡದ ಆರೈಕೆ. ಸೊರಗಿದ ಗಿಡಕ್ಕೂ, ಯೂರಿಯಾ ತಿಂದು ಕೊಬ್ಬಿದ ಗಿಡಕ್ಕೂ ಹುಳು ಬೇಗ ಹತ್ತುತ್ತದೆ. ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳದ ಜಾಗದಲ್ಲಿ ನೆಟ್ಟು ಹೂ ಬಿಡುವುದಿಲ್ಲ ಎಂದು ಬರೆಯಬೇಡಿ. ನಮ್ಮ ಕೆಂಪು ಮುರ ಮಣ್ಣಿನ ಸಾರವನ್ನು ಮಳೆಗಾಲ ತೊಳೆದೊಯ್ಯುವುದರಿಂದ ಹಟ್ಟಿಗೊಬ್ಬರ, ಸುಡುಮಣ್ಣು, ಒಂದು ಹಿಡಿ ಒಲೆಬೂದಿ ಕೊಡಿ. ಉಪ್ಪು ಹಾಕದೆ ಮೀನು ತೊಳೆದ ನೀರು ಒಳ್ಳೆಯದೇ, ಬೆಕ್ಕಿನ ಕಾಟ ಸಹಿಸುವಿರಾದರೆ. ವುಝೂ ಮಾಡಿದ ನೀರನ್ನು ಒಂದು ಬಕೆಟ್‌ಗೆ ಹಿಡಿದಿಟ್ಟರೆ ನಾಲ್ಕೈದು ಮಂದಿಯ ಮನೆಯಲ್ಲಿ ಎರಡು ಗಿಡಗಳ ದಾಹ ತೀರುತ್ತದೆ, ಅದರಲ್ಲಿ ಸೋಪಿನ ಭಯವೂ ಇಲ್ಲ. ಕುಂಡದ ಗಿಡಕ್ಕೆ ಬೇಸಿಗೆಯಲ್ಲಿ ದಿನವೂ ನೀರು ಬೇಕು. ಒಂದು ದಿನ ಒಣಗಿಸಿ ಮರುದಿನ ಕೊಡ ಸುರಿದರೆ ಮೊಗ್ಗು ಉದುರುತ್ತದೆ. ನೀರು ಸರಿಯಿದ್ದೂ ಉದುರಿದರೆ ಹಳದಿಯಾದ ಮೊಗ್ಗನ್ನು ಸೀಳಿ ನೋಡಿ, ಒಳಗೆ ಸಣ್ಣ ಹುಳುಗಳಿರಬಹುದು. ಉದುರಿದ್ದನ್ನು ದಿನವೂ ಹೆಕ್ಕಿ ಚೀಲಕ್ಕೆ ಹಾಕಿದರೆ ಅದೇ ಮದ್ದು.

ದಾಸವಾಳ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಆದ್ದರಿಂದ ಕತ್ತರಿಸಲು ಅಂಜಬೇಡಿ. ಎಲ್ಲ ಗೆಲ್ಲುಗಳನ್ನು ಒಮ್ಮೆಗೇ ಬೋಳಿಸದೆ, ಈ ತಿಂಗಳು ಕೆಲವು, ಮುಂದಿನ ತಿಂಗಳು ಕೆಲವು ಎಂದು ಮೂರನೇ ಒಂದರಷ್ಟು ಕತ್ತರಿಸಿದರೆ ಹೂ ನಿಲ್ಲುವುದಿಲ್ಲ.

ಇನ್ನೊಬ್ಬ ಸಹೋದರಿಯ ಸಣ್ಣ ಪ್ರಶ್ನೆ: ಗಲ್ಫ್‌ನಿಂದ ಬಂದವರು ತಂದ 'ಕರ್ಕದೆ' ಚಹಾದ ಪುಡಿ ಅಂಗಳದ ದಾಸವಾಳದ್ದೇ? ಅಲ್ಲ. ಅದು ಉತ್ತರ ಕರ್ನಾಟಕದವರು ಪಲ್ಯ ಮಾಡುವ ಪುಂಡಿ ಗಿಡದ ಜಾತಿಯದು, ಹೂವಿನ ಬುಡದ ಕೆಂಪು ದಪ್ಪ ದಳಗಳನ್ನು ಒಣಗಿಸಿದ್ದು. ದಾಸವಾಳಕ್ಕೆ ದಾಯಾದಿ, ಅಷ್ಟೇ.

ಗೆಲ್ಲು ಕೇಳಿದವರಿಗೆ: ಈಗಿನ ಬಿಸಿಲಿನಲ್ಲಿ ನೆಡಬೇಡಿ. ಜೂನ್‌ನ ಮಳೆ ಹಿಡಿದ ಮೇಲೆ ಪೆನ್ಸಿಲ್ ದಪ್ಪದ, ಗೇಣಿಗಿಂತ ಸ್ವಲ್ಪ ಚಿಕ್ಕ ಗೆಲ್ಲನ್ನು ಗೆಣ್ಣಿನ ಕೆಳಗೇ ಕತ್ತರಿಸಿ, ಮೇಲಿನ ಎರಡೆಲೆಗಳನ್ನು ಅರ್ಧಕ್ಕೆ ತುಂಡರಿಸಿ ಉಳಿದುದನ್ನು ತೆಗೆದು, ನೀರು ನಿಲ್ಲದ ಮರಳು ಮಿಶ್ರಿತ ಮಣ್ಣಿಗೆ ಊರಿ. ಹಳೆಯ ಕೆಂಪು ದಾಸವಾಳ ಒಂದೂವರೆ ತಿಂಗಳೊಳಗೆ ಬೇರು ಬಿಡುತ್ತದೆ. ನರ್ಸರಿಯ ದೊಡ್ಡ ಹೂವಿನ ಬಣ್ಣಬಣ್ಣದ ತಳಿಗಳು ಹಾಗೆ ಸುಲಭದಲ್ಲಿ ಒಲಿಯುವುದಿಲ್ಲ, ಅವನ್ನು ಕಸಿ ಮಾಡಿದ ಗಿಡವನ್ನೇ ಕೊಳ್ಳಿ. ಕೊಳ್ಳುವಾಗ ಗೆಣ್ಣುಗಳ ಸಂದಿಯನ್ನು, ಎಲೆಯ ಕೆಳಭಾಗವನ್ನು ಒಮ್ಮೆ ತಿರುಗಿಸಿ ನೋಡಿ.