ಹಾಕಿ ತಂಡದ ಮನೆಖರ್ಚು

ಐಪಿಎಲ್ ಹರಾಜಿನಲ್ಲಿ ಲಖನೌ ತಂಡ ರಿಷಭ್ ಪಂತ್ ಅವರನ್ನು 27 ಕೋಟಿ ರೂಪಾಯಿಗೆ ಕೊಂಡಾಗ ನನ್ನ ತಂಗಿಯ ಮಗ ಟಿವಿ ಮುಂದೆ ಬೆರಳು ಮಡಚುತ್ತಾ ಕೂತಿದ್ದ. "ದೊಡ್ಡಮ್ಮಾ, ಒಂದು ತಂಡಕ್ಕೆ ಇರೋದೇ 120 ಕೋಟಿ. ಒಬ್ಬರಿಗೇ 27 ಕೊಟ್ಟರೆ ಮಿಕ್ಕವರಿಗೆ ಏನು ಕೊಡ್ತಾರೆ?" ಅಂದ. ಇದೇ ಪ್ರಶ್ನೆಗೆ ವರ್ಷಗಟ್ಟಲೆ ತಲೆ ಕೆಡಿಸಿಕೊಂಡ ಒಂದು ಊರಿದೆ. ಅದರ ಕಥೆಯನ್ನು ಅವನಿಗೆ ಹೇಳಿದೆ, ಇವತ್ತು ನಿಮಗೂ ಹೇಳುತ್ತೇನೆ.

ಊರು ಕೆನಡಾದ ಟೊರಾಂಟೊ, ಆಟ ಹಾಕಿ. ನಮ್ಮ ಕೊಡಗಿನ ಮೈದಾನಗಳಲ್ಲಿ ಆಡುವ ಹಾಕಿ ಅಲ್ಲ, ಮಂಜುಗಡ್ಡೆಯ ಮೇಲೆ ಸ್ಕೇಟ್ ಕಟ್ಟಿಕೊಂಡು ಆಡುವ ಐಸ್ ಹಾಕಿ. ಅಲ್ಲಿ ಚೆಂಡಿಲ್ಲ, 'ಪಕ್' ಎಂಬ ಗಟ್ಟಿ ರಬ್ಬರಿನ ಬಿಲ್ಲೆ. ಅಮೆರಿಕ ಮತ್ತು ಕೆನಡಾದ ತಂಡಗಳು ಆಡುವ ಲೀಗಿನ ಹೆಸರು ಎನ್‌ಎಚ್‌ಎಲ್. 2004-05ರಲ್ಲಿ ಮಾಲೀಕರಿಗೂ ಆಟಗಾರರಿಗೂ ಸಂಬಳದ ಜಗಳ ಹತ್ತಿ ಇಡೀ ವರ್ಷದ ಆಟವೇ ರದ್ದಾಯಿತು. ಮತ್ತೆ ಶುರುವಾದಾಗ ಸಂಬಳಕ್ಕೊಂದು ಮಿತಿ ಬಂದಿತ್ತು. ಅದೇ ಸ್ಯಾಲರಿ ಕ್ಯಾಪ್. ಮೊದಲ ವರ್ಷ ತಂಡಕ್ಕೆ 39 ಮಿಲಿಯನ್ ಡಾಲರ್ (ಮಿಲಿಯನ್ ಎಂದರೆ ಹತ್ತು ಲಕ್ಷ). ಮಾಲೀಕ ಎಷ್ಟೇ ಸಿರಿವಂತನಾದರೂ ಆ ಮಿತಿಯೊಳಗೇ ಸಂಸಾರ ತೂಗಿಸಬೇಕು. ಲೀಗಿನ ಆದಾಯ ಏರಿದಂತೆ ಮಿತಿಯೂ ಏರುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಟೊರಾಂಟೊ ಮೇಪಲ್ ಲೀಫ್ಸ್ ತಂಡ 1967ರ ನಂತರ ಸ್ಟಾನ್ಲಿ ಕಪ್ ಗೆದ್ದಿಲ್ಲ. ಹಂಬಲ ಎಷ್ಟಿರಬೇಡ! 2018ರಲ್ಲಿ ಪಕ್ಕದೂರಿನಲ್ಲೇ ಹುಟ್ಟಿದ ಜಾನ್ ಟವಾರೆಸ್‌ನನ್ನು 7 ವರ್ಷಕ್ಕೆ 77 ಮಿಲಿಯನ್ ಕೊಟ್ಟು ಕರೆತಂದರು. ಮಿತಿಯ ಲೆಕ್ಕಕ್ಕೆ ಒಟ್ಟು ಹಣವನ್ನು ವರ್ಷಗಳಿಂದ ಭಾಗಿಸಬೇಕು, ಅಂದರೆ ವರ್ಷಕ್ಕೆ 11. ಮರುವರ್ಷ ಆಸ್ಟನ್ ಮ್ಯಾಥ್ಯೂಸ್‌ಗೆ 11.634, ಮಿಚ್ ಮಾರ್ನರ್‌ಗೆ 10.893. ಪೆನ್ಸಿಲ್ ತೆಗೆದುಕೊಂಡು ಕೂಡಿ ನೋಡಿ: 33.527. ಆ ವರ್ಷದ ಮಿತಿ 81.5. ತಂಡದಲ್ಲಿ 23 ಜನ ಇರಬಹುದು. ಮೂವರ ತಟ್ಟೆಗೆ ಬಡಿಸುವಷ್ಟರಲ್ಲಿ ನೂರಕ್ಕೆ 41 ಪಾಲು ಖಾಲಿ!

ಹಾಗಾದರೆ ಜಾಗ ಮಾಡುವುದು ಹೇಗೆ? ಯಾರಾದರೂ ಹೊರಡಬೇಕು. ತಂಡದಲ್ಲಿ ಪ್ಯಾಟ್ರಿಕ್ ಮಾರ್ಲೊ ಎಂಬ 39 ವರ್ಷದ ಹಿರಿಯ ಇದ್ದ. ಮ್ಯಾಥ್ಯೂಸ್, ಮಾರ್ನರ್ ಇಬ್ಬರಿಗೂ ಅಣ್ಣನಂತಿದ್ದವನು. ಅವರು ಅವನ ಮನೆಗೆ ಹೋಗಿ ಅವನ ಮಕ್ಕಳ ಜೊತೆ ಆಡುತ್ತಿದ್ದರು. ಅವನ ಲೆಕ್ಕ ವರ್ಷಕ್ಕೆ 6.25. 35 ದಾಟಿದ ಮೇಲೆ ಮಾಡಿಕೊಂಡ ಒಪ್ಪಂದವಾದ್ದರಿಂದ ಅವನು ನಿವೃತ್ತನಾದರೂ ಆ ಹಣ ತಂಡದ ಲೆಕ್ಕದಲ್ಲೇ ಉಳಿಯುತ್ತಿತ್ತು. 2019ರ ಜೂನ್‌ನಲ್ಲಿ ಅವನನ್ನು ಕ್ಯಾರೊಲಿನಾ ತಂಡಕ್ಕೆ ದಾಟಿಸಿದರು. ಸುಮ್ಮನೆ ಯಾರು ತೆಗೆದುಕೊಳ್ಳುತ್ತಾರೆ? ಹೊಸ ಹುಡುಗನನ್ನು ಆರಿಸುವ ಮೊದಲ ಸುತ್ತಿನ ಅವಕಾಶವನ್ನೂ ಜೊತೆಗೆ ಕೊಡಬೇಕಾಯಿತು. ಆ ಅವಕಾಶದಲ್ಲಿ ಕ್ಯಾರೊಲಿನಾ ಆರಿಸಿದ ಸೆತ್ ಜಾರ್ವಿಸ್ 2023-24ರಲ್ಲಿ 30ಕ್ಕೂ ಹೆಚ್ಚು ಗೋಲು ಹೊಡೆದ. ನನಗೆ ಇದು ಸಾಲ ತೀರಿಸಲು ಹಸುವಿನ ಜೊತೆ ಕರುವನ್ನೂ ಕೊಟ್ಟಂತೆ ಕಾಣುತ್ತದೆ.

ವ್ಯವಸ್ಥಾಪಕರು ಪೆದ್ದರೇನಲ್ಲ. ಮಿತಿ ವರ್ಷವರ್ಷ ಏರುತ್ತದೆ, ಇವತ್ತಿನ 11 ನಾಳೆ ಹಗುರವಾಗುತ್ತದೆ ಎಂದು ಅವರು ಎಣಿಸಿದ್ದರು. 2020ರಲ್ಲಿ ಕೊರೊನಾ ಬಂತು. ಕ್ರೀಡಾಂಗಣಗಳು ಖಾಲಿ, ಟಿಕೆಟ್ ಹಣವಿಲ್ಲ. 81.5 ಮೂರು ಋತು ಅಲ್ಲಾಡದೆ ನಿಂತಿತು. ಪುಟ್ಟ ಸಂಬಳಕ್ಕೆ ಮೈಮುರಿದು ಆಡುತ್ತಿದ್ದ ಟೊರಾಂಟೊದವನೇ ಆದ ಜ್ಯಾಕ್ ಹೈಮನ್‌ಗೆ 2021ರಲ್ಲಿ ಎಡ್ಮಂಟನ್ ತಂಡ ವರ್ಷಕ್ಕೆ 5.5 ಕೊಡಲು ಮುಂದೆ ಬಂತು. ಅವನು ಹೊರಟುಹೋದ. 2023-24ರಲ್ಲಿ ಅಲ್ಲಿ 54 ಗೋಲು! ಟೊರಾಂಟೊದ ಅಭಿಮಾನಿಗಳಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ? ಕೊನೆಗೆ 2025ರಲ್ಲಿ ಮಾರ್ನರ್ ಕೂಡ ವೇಗಸ್ ತಂಡ ಸೇರಿದ, ವರ್ಷಕ್ಕೆ 12ರ ಲೆಕ್ಕದಲ್ಲಿ. 1967ರ ಕಪ್ಪೇ ಇನ್ನೂ ಕೊನೆಯ ಕಪ್ಪು.

"ಹಾಗಾದ್ರೆ ಜಾಸ್ತಿ ಕೇಳಿದ್ದು ಅವರದೇ ತಪ್ಪು" ಅಂದ ನಮ್ಮ ಹುಡುಗ. ನಾನು ಒಪ್ಪಲಿಲ್ಲ. ಆಟಗಾರನ ಮೊಣಕಾಲು ಯಾವಾಗ ಕೈಕೊಡುತ್ತದೋ ಯಾರಿಗೆ ಗೊತ್ತು? ದುಡಿಯುವ ಕೆಲವೇ ವರ್ಷಗಳಲ್ಲಿ ದುಡಿದದ್ದನ್ನು ಕೇಳುವುದು ದುರಾಸೆಯಲ್ಲ. ನಾಳೆಯ ಆದಾಯವನ್ನು ಇವತ್ತೇ ಖರ್ಚು ಬರೆದವರನ್ನು ಕೇಳಬೇಕು. ಆದರೂ ಇನ್ನೊಂದು ದಾರಿ ಹಿಡಿದವನೂ ಇದ್ದಾನೆ. ಹೈಮನ್ ಜೊತೆ ಎಡ್ಮಂಟನ್‌ನಲ್ಲಿ ಆಡುವ ಕಾನರ್ ಮೆಕ್‌ಡೇವಿಡ್ ಈ ಕಾಲದ ಅತಿ ದೊಡ್ಡ ಆಟಗಾರರಲ್ಲಿ ಒಬ್ಬ. 2025-26ರಲ್ಲಿ ಮಿತಿ 95.5ಕ್ಕೆ ಏರಿದ್ದರಿಂದ ಅವನು ಬಹಳ ಹೆಚ್ಚು ಕೇಳಬಹುದಿತ್ತು. ಹಳೆಯ 12.5ಕ್ಕೇ ಇನ್ನೆರಡು ವರ್ಷ ಸಹಿ ಹಾಕಿದ. ಉಳಿದ ಹಣದಲ್ಲಿ ಒಳ್ಳೆಯ ಜೊತೆಗಾರರು ಸಿಗಬಹುದಲ್ಲ!

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಡಾಲರನ್ನು ರೂಪಾಯಿ ಮಾಡುತ್ತಿದ್ದನಂತೆ. "ದೊಡ್ಡಮ್ಮಾ, ಕಮ್ಮಿ ತಗೊಂಡೂ ವರ್ಷಕ್ಕೆ ನೂರು ಕೋಟಿ ಆಗುತ್ತಲ್ಲ!"