ರೈಲಿನ ಕಾವಲಿಗೆ ಸಾಕ್ಷಿ ಯಾವದು?

ಕುಷ್ಟಗಿಯ ಜನರು ತಮ್ಮ ಊರಿನ ನಿಲ್ದಾಣದಲ್ಲಿಯೇ ಪ್ರಯಾಣಿಕರ ಗಾಡಿಯನ್ನು ಹತ್ತುವ ಭಾಗ್ಯವು 2025ನೆಯ ಇಸವಿಯ ಮೇ ತಿಂಗಳಿನಲ್ಲಿ ಒದಗಿಬಂದಿತು. ತಳಕಲ್ಲಿನಿಂದ ಹೊರಟು ಕುಕನೂರು, ಯಲಬುರ್ಗಾಗಳನ್ನು ಹಾಯ್ದು ಕುಷ್ಟಗಿಯನ್ನು ಮುಟ್ಟಿದ ಈ ಹಳಿಯು ಗದಗ-ವಾಡಿ ಮಾರ್ಗದ ಒಂದು ತುಂಡು. ಬಹುಕಾಲದ ಬೇಡಿಕೆಯು ಕೈಗೂಡಿದ ಆ ಸಂತೋಷದಲ್ಲಿ ನಾವೂ ಪಾಲುಗೊಂಡೆವು. ಆದರೆ ಗಾಡಿ ಬಂದ ಮೇಲೆ ಕೇಳಲೇಬೇಕಾದ ಪ್ರಶ್ನೆಯೊಂದುಂಟು. ಒಂದೇ ಹಳಿಯ ಮೇಲೆ ಎರಡು ಗಾಡಿಗಳು ಎದುರುಬದುರಾಗದಂತೆ ಕಾಯುವವರು ಯಾರು? ಹಿಂದಿನ ಕಾಲದಲ್ಲಿ ಲಿವರು ಎಳೆಯುವ ಪಾಯಿಂಟ್ಸ್‌ಮನ್ನನೂ ಟೋಕನ್ ಕೊಡುವ ಸ್ಟೇಶನ್ ಮಾಸ್ತರರೂ ಕಾಯುತ್ತಿದ್ದರು. ಈಗ ಆ ಕಾವಲಿನ ಬಹುಭಾಗವು ಗಣಕಯಂತ್ರದ ವಶವಾಗಿರುವದು. ಆ ಯಂತ್ರಕ್ಕೆ ಇಂಥಲ್ಲಿ ಹೀಗೆ ಮಾಡೆಂದು ಹೇಳುವದು ತಂತ್ರಾಂಶ.

ಕಾವಲು ತಪ್ಪಿದರೆ ಏನಾದೀತೆಂಬದನ್ನು ತಿಳಿಯಲು ದೂರ ಹೋಗಬೇಕಾದದ್ದಿಲ್ಲ. 2023ರ ಫೆಬ್ರುವರಿ 8ರಂದು ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ರೋಡ್ ನಿಲ್ದಾಣದಲ್ಲಿ ಸಂಪರ್ಕ ಕ್ರಾಂತಿ ಗಾಡಿಗೆ ಸಿಗ್ನಲ್ಲು ಒಂದು ಮಾರ್ಗಕ್ಕೆ ಅಪ್ಪಣೆ ಕೊಟ್ಟಿತ್ತು, ಹಳಿಯ ತಿರುವು ಬೇರೊಂದು ಮಾರ್ಗಕ್ಕೆ ಕೂಡಿಕೊಂಡಿತ್ತು. ಚಾಲಕರು ಎಚ್ಚರವಾಗಿದ್ದು ಗಾಡಿಯನ್ನು ನಿಲ್ಲಿಸಿದ್ದರಿಂದ ಅನರ್ಥ ತಪ್ಪಿತು. ಹುಬ್ಬಳ್ಳಿಯಲ್ಲಿ ಮುಖ್ಯ ಕಚೇರಿಯುಳ್ಳ ನೈಋತ್ಯ ರೈಲ್ವೆಯ ಉನ್ನತ ಅಧಿಕಾರಿಯೊಬ್ಬರು ಮರುದಿನವೇ ಪತ್ರ ಬರೆದು, ಸಿಗ್ನಲ್ ವ್ಯವಸ್ಥೆಯಲ್ಲಿ ಗಂಭೀರ ದೋಷವಿದೆಯೆಂದು ಎಚ್ಚರಿಸಿದರು. ನಾಲ್ಕು ತಿಂಗಳು ಕಳೆಯುವದರೊಳಗಾಗಿ, ಜೂನ್ 2ರಂದು, ಒಡಿಶಾದ ಬಾಲಸೋರ್ ಜಿಲ್ಲೆಯ ಬಹನಗಾ ಬಜಾರದಲ್ಲಿ ಮೂರು ಗಾಡಿಗಳು ಒಂದರ ಮೇಲೊಂದು ಬಿದ್ದು 290ಕ್ಕೂ ಹೆಚ್ಚು ಜೀವಗಳು ಹೋದವು. ರೈಲ್ವೆ ಸುರಕ್ಷತಾ ಆಯುಕ್ತರ ವಿಚಾರಣೆಯಲ್ಲಿ ಹೊರಬಿದ್ದದ್ದೇನು? ಗೇಟಿನ ಬಳಿಯ ಪೆಟ್ಟಿಗೆಯೊಳಗಿನ ತಂತಿಗಳಿಗೆ ಅಂಟಿಸಿದ ಹೆಸರುಗಳು ತಪ್ಪಾಗಿದ್ದವು; ವರ್ಷಗಟ್ಟಲೆ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅಲ್ಲಿ ತಂತ್ರಾಂಶವು ಕೆಟ್ಟಿರಲಿಲ್ಲ, ಬರಹ ಕೆಟ್ಟಿತ್ತು. ಪಹಣಿಯಲ್ಲಿ ಒಂದು, ಹೊಲದಲ್ಲಿ ಇನ್ನೊಂದು ಇದ್ದರೆ ಏನಾಗುವದೆಂಬದನ್ನು ನಮ್ಮ ಸೀಮೆಯ ಪ್ರತಿಯೊಬ್ಬ ರೈತನೂ ಬಲ್ಲನು. ಹೊಲಕ್ಕಾದರೆ ಕೋರ್ಟು ಇದೆ.

ಈ ಅನರ್ಥಗಳನ್ನು ತಡೆಯಲೆಂದೇ ಚಾಲಕನು ಮರೆತರೂ ತಾನೇ ಬ್ರೇಕು ಹಾಕುವ 'ಕವಚ'ವೆಂಬ ಸ್ವದೇಶೀ ವ್ಯವಸ್ಥೆಯನ್ನು ಲಖನೌದ ಆರ್‌ಡಿಎಸ್‌ಒ ಸಂಸ್ಥೆಯವರು ರೂಪಿಸಿದರು. ಅದರ ಮೊದಲ ಪರೀಕ್ಷೆಗಳು ನಡೆದದ್ದು ವಾಡಿ ಮತ್ತು ಬೀದರಗಳನ್ನು ಮುಟ್ಟುವ ದಕ್ಷಿಣ ಮಧ್ಯ ರೈಲ್ವೆಯ ಹಳಿಗಳ ಮೇಲೆ. 2020ರಲ್ಲಿ ಅದು ಇಡೀ ದೇಶದ ವ್ಯವಸ್ಥೆಯೆಂದು ಅಂಗೀಕೃತವಾಯಿತು. ಕುಷ್ಟಗಿಯ ಹಳಿಯು ಮುಂದೆ ಹೋಗಿ ಸೇರುವದು ಇದೇ ವಾಡಿಯನ್ನು. ಆದುದರಿಂದ ಇದು ಪರಸ್ಥಳದ ಮಾತೆಂದು ವಾಚಕರು ಭಾವಿಸಬಾರದು.

ಕವಚಕ್ಕಿರುವ ಸುರಕ್ಷತೆಯ ದರ್ಜೆ ಎಸ್‌ಐಎಲ್-4. ಅದಕ್ಕಿಂತ ಮೇಲಿನ ದರ್ಜೆಯಿಲ್ಲ. ಇಂಥ ದರ್ಜೆಗಳನ್ನು ಗೊತ್ತುಪಡಿಸುವ ನಿಯಮಗಳಿಗೆ ತಾಯಿಯಾದದ್ದು ಐಇಸಿ 61508. ಅದರ ಸಂತಾನದಲ್ಲಿ ಮೋಟಾರಿನದು ಐಎಸ್‌ಒ 26262, ರೈಲಿನ ತಂತ್ರಾಂಶದ್ದು ಇಎನ್ 50128, ಈಗ ಅದರ ಸ್ಥಾನಕ್ಕೆ ಬಂದ ಇಎನ್ 50716. ನಾಲ್ಕನೆಯ ದರ್ಜೆಯೆಂದರೆ, ಸತತವಾಗಿ ನಡೆಯುವ ಯಂತ್ರವು ಅಪಾಯಕರವಾಗಿ ತಪ್ಪುವದು ಹತ್ತು ಕೋಟಿ ಗಂಟೆಗೆ ಒಂದು ಸಲಕ್ಕಿಂತ ಕಡಿಮೆಯಿರತಕ್ಕದ್ದು. ಹತ್ತು ಕೋಟಿ ಗಂಟೆಗಳೆಂದರೆ 11,000 ವರ್ಷಗಳಿಗೂ ಮಿಕ್ಕಿತು. ಅಷ್ಟು ಕಾಲ ಓಡಿಸಿ ನೋಡುವವರಾರು? ತಂತ್ರಾಂಶವಂತೂ ಕಬ್ಬಿಣದಂತೆ ಸವೆಯುವ ವಸ್ತುವಲ್ಲ. ಅದರಲ್ಲಿಯ ತಪ್ಪು ಹುಟ್ಟಿದಂದಿನಿಂದಲೂ ಅಡಗಿದ್ದು, ಒಂದು ದಿನ ತಕ್ಕ ಸಂದರ್ಭ ಕೂಡಿದಾಗ ಹೊರಬೀಳುತ್ತದೆ. ಆದಕಾರಣ ಪರೀಕ್ಷಕರು ಅದನ್ನು ಮಾಡಿದ ಬಗೆಯನ್ನೇ ಕೆದಕಿ ನೋಡುವರು. ಯಾವ ಯಾವ ಅಪಾಯಗಳನ್ನು ಎಣಿಸಿದ್ದಿರಿ? ಪ್ರತಿಯೊಂದು ಅಪಾಯಕ್ಕೆ ಯಾವ ತಡೆಯನ್ನು ಬಯಸಿದಿರಿ? ಆ ತಡೆಯು ಬರೆದ ಯಾವ ಸಾಲಿನಲ್ಲಿದೆ? ಅದನ್ನು ಪರೀಕ್ಷಿಸಿದವರು ಯಾರು, ಎಂದು? ಬರೆದವನೇ ಪರೀಕ್ಷಿಸಿದನೋ, ಬೇರೊಬ್ಬನೋ? ಇದಕ್ಕೆಲ್ಲ ಬಾಯಿಮಾತಿನ ಉತ್ತರ ನಡೆಯದು, ದಫ್ತರವೇ ಬೇಕು.

ಇಲ್ಲಿ ಮುಕ್ತ ತಂತ್ರಾಂಶದ ಸಂಗತಿ ಬರುವದು. ಯಾರು ಬೇಕಾದರೂ ಓದಿ, ತಿದ್ದಿ, ಹಂಚಿಕೊಳ್ಳಬಹುದಾದ ತಂತ್ರಾಂಶವೇ ಇದು. ನಾವು ಇದರ ಪಕ್ಷದವರು. ಸಿಗ್ನಲ್ ಯಂತ್ರವು ಮೂವತ್ತು ವರ್ಷ ನಡೆಯಬೇಕಾದದ್ದು; ಮಾಡಿಕೊಟ್ಟ ಕಂಪನಿಯು ನಡುವೆಯೇ ಬಾಗಿಲು ಮುಚ್ಚಿದರೆ ಒಳಗಿನ ಗುಟ್ಟು ತಿಳಿಯದೆ ರೈಲ್ವೆ ಖಾತೆಯು ಪರರ ಬಾಗಿಲು ಕಾಯಬೇಕಾದೀತು. ಗುಟ್ಟು ಬಯಲಾಗಿದ್ದರೆ ಆ ಪರಾಧೀನತೆ ಇಲ್ಲ.

ಆದರೆ ಈ ಪಕ್ಷದ ಕೆಲವರು ಆಡುವ ಮಾತೊಂದನ್ನು ನಾವು ಒಪ್ಪಲಾರೆವು. ಸಾವಿರಾರು ಕಣ್ಣುಗಳು ನೋಡುತ್ತಿರುವಾಗ ತಪ್ಪು ಉಳಿಯುವದೆಂತು ಎಂದು ಅವರು ಕೇಳುವರು. ಓಪನ್‌ಎಸ್‌ಎಸ್‌ಎಲ್ ಎಂಬ ಮುಕ್ತ ತಂತ್ರಾಂಶವನ್ನು ಜಗತ್ತಿನ ಬ್ಯಾಂಕು-ಬಜಾರುಗಳೆಲ್ಲ ನೆಚ್ಚಿದ್ದವು. ಅದರಲ್ಲಿ 2012ರಲ್ಲಿ ಹೊಕ್ಕ ದೋಷವೊಂದು 2014ರ ಏಪ್ರಿಲಿನ ವರೆಗೆ ಬಟ್ಟಬಯಲಿನಲ್ಲಿ ಬಿದ್ದಿದ್ದರೂ ಬಯಲಿಗೆ ಬರಲಿಲ್ಲ. 'ಹಾರ್ಟ್‌ಬ್ಲೀಡ್' ಎಂದು ಅದಕ್ಕೆ ಹೆಸರಾಯಿತು. ನೋಡಬಹುದಾದದ್ದು ಬೇರೆ, ನೋಡಿದ್ದು ಬೇರೆ. ಸಂತೆಯಲ್ಲಿ ಇಟ್ಟ ಗಡಿಗೆಯನ್ನು ಎಲ್ಲರೂ ನೋಡುತ್ತ ಹೋಗುವರು. ಬಾರಿಸಿ ನೋಡುವವನು ಕೊಳ್ಳುವವನೊಬ್ಬನೇ.

ಲಿನಕ್ಸಿನ ಉದಾಹರಣೆಯನ್ನು ತೆಗೆದುಕೊಳ್ಳಿರಿ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿಯೊಬ್ಬರು ಆರಂಭಿಸಿದ ಅದು ಇಂದು ಮೂರು ಕೋಟಿಗೂ ಮಿಕ್ಕಿದ ಸಾಲುಗಳ ಮಹಾಗ್ರಂಥ. ಇಂಥ ಭಾಗವು ಇಂಥದ್ದನ್ನೇ ಮಾಡತಕ್ಕದ್ದೆಂದು ಮೊದಲು ಬರೆದಿಟ್ಟು ಅದನ್ನು ಕಟ್ಟಲಿಲ್ಲ. ಬೇಕಾದಂತೆ ಬೆಳೆಯುತ್ತ ಬಂದಿತು. ಅದಲ್ಲದೆ ಒಂಬತ್ತು-ಹತ್ತು ವಾರಗಳಿಗೊಮ್ಮೆ ಹೊಸ ಆವೃತ್ತಿ ಹೊರಡುವದು. ಸುರಕ್ಷತೆಯ ಪರೀಕ್ಷಕನು ಇದನ್ನು ಕದಲಿಸಬೇಡಿರೆನ್ನುವನು. ಕಳ್ಳರ ಕಾಟ ಬಲ್ಲವನು ಈ ಬಿರುಕನ್ನು ಇಂದೇ ಮುಚ್ಚಿರೆನ್ನುವನು. ಇಬ್ಬರದೂ ನ್ಯಾಯವೇ. ಬದಲಾವಣೆಯೊಂದು ಆದಾಗ ಯಾವ ಯಾವ ಸಾಕ್ಷಿ ಹಳಸಿತು, ಯಾವದು ಉಳಿಯಿತು ಎಂದು ಹೇಳುವ ಲೆಕ್ಕವಿದ್ದರೆ ಮಾತ್ರ ಈ ತೊಡಕು ಬಿಡಿಸೀತು. ಲಿನಕ್ಸಿಗೆ ಇಂಥ ದಫ್ತರವನ್ನು ಹಿಂದಿನಿಂದ ಕೂಡಿಸುವದಕ್ಕಾಗಿ 2019ರಲ್ಲಿ ಎಲಿಸಾ ಎಂಬ ಕೂಟವು ಹುಟ್ಟಿತು. ಟೊಯೋಟಾ, ಬಿಎಂಡಬ್ಲ್ಯು ಮೊದಲಾದ ಮೋಟಾರಿನವರೂ ಅದರೊಳಗಿದ್ದರು. ಮನೆ ಕಟ್ಟಿದ ಮೇಲೆ ನಕ್ಷೆ ಬರೆಯುವ ಕೆಲಸ! ಕಷ್ಟದ್ದು ಹೌದು, ಆದರೆ ಕೈಬಿಡತಕ್ಕದ್ದಲ್ಲ.

ಮೊದಲಿನಿಂದಲೇ ಲೆಕ್ಕವಿಟ್ಟು ನಡೆದವರೂ ಉಂಟು. ಆಸ್ಟ್ರೇಲಿಯಾದ ಸಂಶೋಧಕರು ಸೆಲ್4 ಎಂಬ ಚಿಕ್ಕದೊಂದು ತಿರುಳನ್ನು ಕಟ್ಟಿ, ಅದು ಹೇಳಿದಂತೆಯೇ ನಡೆಯುವದೆಂದು 2009ರಲ್ಲಿ ಗಣಿತದಿಂದ ಸಾಧಿಸಿದರು. ತಿರುಳು ಒಂಬತ್ತು ಸಾವಿರ ಸಾಲುಗಳನ್ನೂ ಮುಟ್ಟದು, ಅದರ ಸಾಧನೆಯ ಬರಹವಾದರೋ ಸುಮಾರು ಎರಡು ಲಕ್ಷ ಸಾಲು. 2014ರಲ್ಲಿ ಅವರು ಎರಡನ್ನೂ ಬಯಲಿಗಿಟ್ಟರು. ಇನ್ನೊಂದು ದಾರಿಯೂ ಇದೆ. ಫ್ರೀಆರ್‌ಟಿಒಎಸ್ ಎಂಬ ಮುಕ್ತ ತಂತ್ರಾಂಶದ ಮಾದರಿಯ ಮೇಲೆಯೇ ಸೇಫ್‌ಆರ್‌ಟಿಒಎಸ್ ಎಂಬದನ್ನು ಹೊಸದಾಗಿ ರಚಿಸಿ, ಪ್ರಮಾಣಪತ್ರ ಪಡೆದು, ದಫ್ತರ ಸಹಿತವಾಗಿ ಮಾರುತ್ತಾರೆ. ಅದು ಅಕ್ರಮವೇನೂ ಅಲ್ಲ. ಪರೀಕ್ಷೆಗೆ ಹಣ ಸುರಿದವರು ಹಣ ಬಯಸುವದು ಸಹಜ. ಆದರೆ ತಂತ್ರಾಂಶವು ಬಡವನಿಗೂ ಸಿಕ್ಕು, ಅದನ್ನು ನಂಬಬಹುದೆಂಬ ಸಾಕ್ಷಿಯು ಮಾತ್ರ ಹಣವಂತನ ಬೀರುವಿನಲ್ಲಿ ಉಳಿದರೆ ಆ ಮುಕ್ತತೆಯು ಅರ್ಧವೇ ಸರಿ. ನಮ್ಮ ತಕರಾರು ಇರುವದು ಇಲ್ಲಿಯೇ.

ಕೊಪ್ಪಳದ ಪತ್ರಿಕೆಗೆ ಇದೆಲ್ಲ ಏತಕ್ಕೆ, ಬೆಂಗಳೂರಿನವರು ನೋಡಿಕೊಂಡಾರು ಎನ್ನುವವರಿಗೆ ತುಂಗಭದ್ರೆಯನ್ನು ನೆನಪಿಸುವೆವು. 2024ರ ಆಗಸ್ಟ್ 10ರ ರಾತ್ರಿ ಜಲಾಶಯವು ತುಂಬಿ ತುಳುಕುತ್ತಿದ್ದಾಗ 19ನೆಯ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ಕಬ್ಬಿಣದ ಹಲಗೆಗಳನ್ನಿಳಿಸಿ ನೀರು ತಡೆಯುವ ವರೆಗೆ ಒಂದು ವಾರ ಗಂಗಾವತಿಯ ಭತ್ತದ ಬೆಳೆಗಾರರು ಜೀವ ಕೈಯಲ್ಲಿ ಹಿಡಿದಿದ್ದರು. ಸರಪಳಿ ಕಡಿದದ್ದನ್ನು ಊರೆಲ್ಲ ಹೋಗಿ ನೋಡಿತು. ತಂತ್ರಾಂಶದ ಕೊಂಡಿ ಕಡಿದರೆ ನೋಡಲಿಕ್ಕೇನೂ ಇರುವದಿಲ್ಲ.

ಆದುದರಿಂದ ರೈಲ್ವೆ ಖಾತೆಯವರಲ್ಲಿಯೂ ಸರಕಾರದಲ್ಲಿಯೂ ನಮ್ಮ ಕೇಳಿಕೆಯಿಷ್ಟು. ಜೀವರಕ್ಷಣೆಯ ತಂತ್ರಾಂಶಕ್ಕೆ ಪ್ರಜೆಗಳ ಹಣ ವೆಚ್ಚವಾಗುವಲ್ಲಿ ಅಪಾಯಗಳ ಎಣಿಕೆ, ಪರೀಕ್ಷೆಯ ಫಲಿತಾಂಶ, ಸ್ವತಂತ್ರ ಪರೀಕ್ಷಕರ ಅಭಿಪ್ರಾಯ ಇವುಗಳನ್ನು ಪ್ರಕಟಿಸುವ ಕರಾರನ್ನು ಟೆಂಡರಿನಲ್ಲಿಯೇ ಸೇರಿಸಲಿ. ಬೀಗದ ಕೀಲಿಗಳಂಥ ಗುಪ್ತ ಅಂಶಗಳನ್ನು ಬಿಡಬಹುದು. ಗುಪ್ತವೆಂಬ ನೆವದಿಂದ ಇಡೀ ದಫ್ತರವನ್ನು ಬಚ್ಚಿಡಬಾರದು. ಮುಕ್ತ ತಂತ್ರಾಂಶವನ್ನು ಬಳಸಿಕೊಂಡ ಕಡೆ ಅದಕ್ಕಾಗಿ ಬರೆದ ಪರೀಕ್ಷೆಗಳನ್ನು ಮೂಲದವರಿಗೆ ಮರಳಿ ಕೊಡಲಿ. ನಮ್ಮ ಭಾಗದ ಇಂಜಿನಿಯರಿಂಗ್ ಕಾಲೇಜುಗಳ ಉಪಾಧ್ಯಾಯರೂ ಇತ್ತ ಲಕ್ಷ್ಯವಿಡಬೇಕು. ಕೊನೆಯ ವರ್ಷದ ವಿದ್ಯಾರ್ಥಿಯು ಹಳೆಯ ಪ್ರಾಜೆಕ್ಟನ್ನು ನಕಲು ಮಾಡಿ ಅಂಕ ಗಳಿಸುವದಕ್ಕಿಂತ, ಲಿನಕ್ಸಿನ ಒಂದು ಸಣ್ಣ ಭಾಗವು ಏನು ಮಾಡಬೇಕೆಂಬದನ್ನು ಸ್ಪಷ್ಟವಾಗಿ ಬರೆದು ಅದಕ್ಕೊಂದು ಪರೀಕ್ಷೆ ರಚಿಸಿದರೆ ಆ ಕೆಲಸವು ಜಗತ್ತಿಗೆ ಸಲ್ಲುವದು.

ಇನ್ನೊಂದು ಮಾತು. ಇಂಥ ದಫ್ತರಗಳೆಲ್ಲ ಇಂಗ್ಲಿಷಿನಲ್ಲಿ ಹುಟ್ಟಿ ಇಂಗ್ಲಿಷಿನಲ್ಲಿಯೇ ಮುಗಿಯುವವು. ಬಿಸಿಲಿನಲ್ಲಿ ಹಳಿಯ ಪಕ್ಕದ ಪೆಟ್ಟಿಗೆಯನ್ನು ತೆರೆದು ತಂತಿ ಮುಟ್ಟುವವನು ಕನ್ನಡ ಬಲ್ಲವನಾಗಿದ್ದರೆ, ಅವನು ಮುಟ್ಟಬಾರದ ತಂತಿ ಯಾವದೆಂಬದು ಅವನ ಭಾಷೆಯಲ್ಲಿಯೂ ಇರಬೇಕಷ್ಟೆ. ವಾಡಿಯ ವರೆಗಿನ ಹಳಿಯ ಕೆಲಸ ಇನ್ನೂ ನಡೆದಿರುವಾಗಲೇ ಕುಷ್ಟಗಿ, ಯಲಬುರ್ಗಾಗಳ ಪ್ರತಿನಿಧಿಗಳು ಈ ಪ್ರಶ್ನೆಗಳನ್ನು ಹುಬ್ಬಳ್ಳಿಯ ಕಚೇರಿಗೆ ಬರೆದು ಕಳಿಸಲಿ; ಬಂದ ಉತ್ತರವನ್ನು ನಾವು ಇದೇ ಅಂಕಣದಲ್ಲಿ ಅಚ್ಚು ಹಾಕುವೆವು.