ಹಣೆಬರಹವಲ್ಲ, ಹಲಗೆಯಿಲ್ಲ



ಯಲ್ದೂರು, ಶ್ರೀನಿವಾಸಪುರ, ಮುಳಬಾಗಿಲು ಕಡೆಯ ನಮ್ಮ ಕೇರಿಗಳಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗುವವರು ಯಾರು? ನಮ್ಮ ಅಣ್ಣಂದಿರು, ಅಕ್ಕಂದಿರು, ಚಿಕ್ಕಪ್ಪಂದಿರು. ರಜೆ ಬಂದರೆ ಹಾಸ್ಟೆಲ್ಲಿನ ನಾವೂ ಹೋಗುತ್ತೇವೆ. ಗೋಡೆ ಕಟ್ಟುವ ಮೇಸ್ತ್ರಿ ಸಾರ್ವೆ ಮೇಲೆ. ಬಾಂಡ್ಲಿ ತುಂಬುವವನು, ಇಟ್ಟಿಗೆ ಹೊರುವವಳು, ಬಿದ್ದದ್ದು ಆರಿಸುವವನು ಕೆಳಗೆ. ಊರಲ್ಲೂ ಕೆಳಗೆ, ಸೈಟಲ್ಲೂ ಕೆಳಗೆ. ಮೇಲಿಂದ ಏನು ಬಿದ್ದರೂ ಮೊದಲು ಸಿಗುವ ತಲೆ ನಮ್ಮದೇ.

ಬಿದ್ದರೆ ಏನಂತಾರೆ? 'ಅವನ ಹಣೇಲಿ ಬರೆದಿತ್ತು' ಅಂತಾರೆ. ಬರೆದವರು ಯಾರು? ಲೆಕ್ಕ ಹಾಕಿ ನೋಡೋಣ. 20 ಮೀಟರ್, ಅಂದರೆ ಸುಮಾರು ಆರು ಮಹಡಿ ಮೇಲಿಂದ ಜಾರಿದ ಇಟ್ಟಿಗೆ ನೆಲ ಮುಟ್ಟಲು 2 ಸೆಕೆಂಡು. ಆಗ ಅದರ ವೇಗ ಗಂಟೆಗೆ 70 ಕಿಲೋಮೀಟರ್. ಮೇಲಿನವನು 'ಹುಷಾರ್' ಅನ್ನುವಷ್ಟರಲ್ಲಿ ಎಲ್ಲ ಮುಗಿದಿರುತ್ತೆ. ಸಾರ್ವೆ ಅಂಚಿಗೆ ಗೇಣೆತ್ತರದ ಹಲಗೆ ಕಟ್ಟಿದ್ದರೆ ಆ ಇಟ್ಟಿಗೆ ಅಲ್ಲೇ ನಿಲ್ಲುತ್ತಿತ್ತು. ಅದರ ಖರ್ಚೆಷ್ಟು? ಒಂದು ತಲೆಗಿಂತ ಹೆಚ್ಚೇ?

ಸರ್ಕಾರಕ್ಕೆ ಇದು ಗೊತ್ತಿಲ್ಲದ್ದೇನಲ್ಲ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಡಿ 1998ರಲ್ಲಿ ಬಂದ ಕೇಂದ್ರ ನಿಯಮಗಳು, 15 ಮೀಟರ್ ಎತ್ತರ ಏಳುವ ಕಟ್ಟಡದ ಸುತ್ತ ಕನಿಷ್ಠ 2 ಮೀಟರ್ ಅಗಲದ ತಡೆ-ಚಪ್ಪರ ಇರಬೇಕೆಂದವು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ಹೊಸ ಸಂಹಿತೆ ಬಂದಿದೆ. ಕಾಯ್ದೆ ಬದಲಾಯಿತು. ಎಷ್ಟೋ ಸೈಟುಗಳಿಗೆ ಹಲಗೆ ಮಾತ್ರ ಇನ್ನೂ ಬಂದಿಲ್ಲ.

2023ರ ಜನವರಿ 10ರಂದು ಬೆಂಗಳೂರಿನ ನಾಗವಾರದ ಹತ್ತಿರ ಮೆಟ್ರೋ ಕಂಬದ ಕಬ್ಬಿಣದ ಪಂಜರ ರಸ್ತೆಗೆ ಉರುಳಿತು. ದ್ವಿಚಕ್ರ ವಾಹನದಲ್ಲಿದ್ದ ತಾಯಿ, ಎಳೇ ಮಗು ಸತ್ತರು. ನಗರವೆಲ್ಲ ಮರುಗಿತು. ಹೈಕೋರ್ಟು ತಾನಾಗಿಯೇ ಕೇಸು ಕೈಗೆತ್ತಿಕೊಂಡಿತು. ಅದು ಆಗಲೇಬೇಕಿತ್ತು, ಆ ಸಾವು ನಮ್ಮ ಮನೆಯದೂ ಹೌದು. ಆದರೆ ನಾವು ಕೇಳುತ್ತೇವೆ: ಅದೇ ಕಬ್ಬಿಣ ತಗಡಿನ ಬೇಲಿಯೊಳಗೆ ಒಬ್ಬ ಕೂಲಿಯವನ ಮೇಲೆ ಬಿದ್ದರೆ ಇಷ್ಟು ಮರುಗುತ್ತಾರಾ? ಬೇಲಿಯ ಹೊರಗೆ ಸತ್ತರೆ ಪ್ರಜೆ, ಒಳಗೆ ಸತ್ತರೆ ಬರೀ ಆಳೇ?

ಹೆಲ್ಮೆಟ್ಟು ಕೊಟ್ಟರೆ ಸಾಕು ಅನ್ನುವವರಿದ್ದಾರೆ. ಹೆಲ್ಮೆಟ್ಟು ಬೇಕು, ಆದರೆ ಅದು ಕೊನೆಯದು. ಮೊದಲು ಬೀಳದಂತೆ ಹಲಗೆ. ಬಿದ್ದರೆ ಹಿಡಿಯಲು ಬಲೆ. ಸರಕು ಮೇಲೇರುವಾಗ ಕೆಳಗೆ ಯಾರೂ ಸುಳಿಯದಂತೆ ಹಗ್ಗದ ಗಡಿ. ಒಬ್ಬನೇ ಕೇಳಿದರೆ 'ನಾಳೆಯಿಂದ ಬರಬೇಡ' ಅಂತಾರೆ. ಸೈಟಿಗೆ ಸೈಟೇ ಕೇಳಿದರೆ ಎಷ್ಟು ಜನರನ್ನು ಓಡಿಸುತ್ತಾರೆ?

ಆದ್ದರಿಂದ ಈ ರಜೆಯಲ್ಲಿ ಕೇರಿಗೆ ಹೋದಾಗ ಸುಮ್ಮನೆ ಕೂರುವುದು ಬೇಡ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು ಇಲ್ಲದವರ ಅರ್ಜಿ ನಾವೇ ತುಂಬೋಣ. ಎಲ್ಲೂ ಹೆಸರಿಲ್ಲದವನು ಸತ್ತರೆ, ಅವನು ಅಲ್ಲಿ ದುಡಿಯುತ್ತಿದ್ದ ಅಂತ ತೋರಿಸುವ ಭಾರವೂ ಹೆಂಡತಿಯ ತಲೆ ಮೇಲೇ ಬೀಳುತ್ತೆ. ಅಕ್ಷರ ಕಲಿತ ನಾವು ಹಣೆಬರಹ ಓದುವುದು ಬಿಟ್ಟು ನಿಯಮ ಓದೋಣ. ಕೇರಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಓದೋಣ.